ಹೈಸ್ಕೂಲಿನ ಹೊಸ್ತಿಲು

ಬೇಸಗೆಯ ರಜೆ ಮುಗಿಯುತ್ತ ಬಂದು ಮಳೆಯ ಮೋಡಗಳು ಕಾಣಿಸಿಕೊಳ್ಳುವ ಹೊತ್ತಿಗೆ, ಏಳನೆಯ ತರಗತಿಯನ್ನು ಮುಗಿಸಿದ ಮಗನೋ ಮಗಳೋ ಇರುವ ಮನೆಗಳಲ್ಲಿ ಒಂದು ಮಾತು ಏಳುವುದು: “ಇನ್ನು ಮುಂದೆ ಹೇಗೆ?” ಅನುಕೂಲವುಳ್ಳ ಮನೆಯಲ್ಲಿ ಈ ಪ್ರಶ್ನೆಗೆ “ಯಾವ ಶಾಲೆ?” ಎಂಬುದಷ್ಟೇ ಅರ್ಥ. ಅನುಕೂಲವಿಲ್ಲದ ಮನೆಯಲ್ಲಿ “ಶಾಲೆಯೋ, ಕೆಲಸವೋ?” ಎಂದು ಅರ್ಥ. ಈ ಎರಡನೆಯ ಅರ್ಥದಲ್ಲಿ ಕೇಳಿದ ಪ್ರಶ್ನೆಗೆ ಎಷ್ಟೋ ವೇಳೆ ಯಾರೂ ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಜೂನ್ ಕಳೆಯುವುದು, ಜುಲೈ ಕಳೆಯುವುದು. ಹುಡುಗನು ಯಾವುದೋ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ನಿಂತಿರುವನು. ಹುಡುಗಿಯು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿರುವಳು. ಉತ್ತರವು ತಾನಾಗಿಯೇ ಆಗಿಹೋಗಿರುವುದು.

ಈ ತಿಂಗಳು ನಮ್ಮ ವಾಚಕರೊಡನೆ ಈ ಹೊಸ್ತಿಲಿನ ವಿಷಯವಾಗಿಯೇ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ದಾವಣಗೆರೆಯಲ್ಲಿ ವಿದ್ಯಾನಗರವೆಂಬ ಬಡಾವಣೆಯೊಂದುಂಟು. ಆದರೆ ಈ ಹೆಸರು ಒಂದು ಬಡಾವಣೆಗಿಂತ ಇಡೀ ಊರಿಗೇ ಒಪ್ಪುವಂಥದು. ೧೯೫೧ರಲ್ಲಿ ಇಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು, ೧೯೫೮ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, ೧೯೬೫ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದಿತು; ೨೦೦೯ರಲ್ಲಿ ವಿಶ್ವವಿದ್ಯಾನಿಲಯವೂ ಆಯಿತು. ವರ್ತಕರು ಗಳಿಸಿದ ಹಣದಲ್ಲಿ ಒಂದು ಪಾಲನ್ನು ವಿದ್ಯೆಗೆ ಕೊಡುವುದು ಈ ಊರಿನ ಹಳೆಯ ಪದ್ಧತಿ. ರಾಜನಹಳ್ಳಿಯವರ, ತವನಪ್ಪನವರ ಮನೆತನಗಳ ಹೆಸರುಗಳು ಕಾಲೇಜುಗಳ ಹೆಸರಿನಲ್ಲಿ ಸೇರಿ ನಿಂತಿರುವುದು ಈ ಪದ್ಧತಿಯಿಂದಲೇ. ಹೊರಜಿಲ್ಲೆಗಳಿಂದ, ಹೊರರಾಜ್ಯಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಓದಲು ಬರುವರು. ಇಷ್ಟೆಲ್ಲ ಸರಿಯೆ. ಆದರೆ ಈ ಕಾಲೇಜುಗಳ ಬಾಗಿಲನ್ನು ತಟ್ಟಬೇಕಾದರೆ ಮೊದಲು ಹೈಸ್ಕೂಲಿನ ಮೂರು ವರ್ಷಗಳನ್ನು ದಾಟಿರಬೇಕಲ್ಲವೆ? ಮೇಲಿನ ಉಪ್ಪರಿಗೆಯ ಅಂದವನ್ನು ಕೊಂಡಾಡುವಾಗ ಮೆಟ್ಟಿಲಿನ ಮಾತನ್ನು ಮರೆಯುವುದು ದೊಡ್ಡ ಊರುಗಳ ಸ್ವಭಾವ. ಆದುದರಿಂದ ನಾವು ಮೆಟ್ಟಿಲಿನ ಕಡೆಗೇ ನೋಡುವೆವು.

ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಏರ್ಪಾಡು ಹೀಗಿದೆ: ಒಂದರಿಂದ ಏಳರವರೆಗೆ ಪ್ರಾಥಮಿಕ ಶಾಲೆ, ಎಂಟು, ಒಂಬತ್ತು, ಹತ್ತು—ಈ ಮೂರು ಪ್ರೌಢಶಾಲೆ. ಕೆಲವು ಪ್ರಾಥಮಿಕ ಶಾಲೆಗಳಿಗೆ ಎಂಟನೆಯ ತರಗತಿಯನ್ನು ಸೇರಿಸಿರುವುದುಂಟು. ಆದರೆ ಹಳ್ಳಿಗಳಲ್ಲಿ ಹೆಚ್ಚಾಗಿ ಮಗುವು ಏಳನ್ನು ಮುಗಿಸಿದ ಕೂಡಲೇ ವರ್ಗಾವಣೆ ಪತ್ರವನ್ನು, ಎಂದರೆ ಎಲ್ಲರ ಬಾಯಲ್ಲಿಯೂ ಬಳಕೆಯಾಗಿರುವ ಟಿ.ಸಿ.ಯನ್ನು ತೆಗೆದುಕೊಂಡು ಬೇರೆ ಶಾಲೆಗೆ, ಅನೇಕ ವೇಳೆ ಬೇರೆ ಊರಿಗೇ, ಹೋಗಬೇಕು. ಅದುವರೆಗೆ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಶಾಲೆಯು ಈಗ ಬಸ್ಸಿನ ದಾರಿಯಾಚೆ ಹೋಗುವುದು. ಅದುವರೆಗೆ ತಂದೆತಾಯಿಗಳ ಹೆಸರು ಹಿಡಿದು ಕರೆಯುತ್ತಿದ್ದ ಮೇಷ್ಟ್ರ ಬದಲು, ಗಂಟೆಗೊಬ್ಬರಂತೆ ವಿಷಯಕ್ಕೊಬ್ಬರು ಉಪಾಧ್ಯಾಯರು ಬರುವರು. ಬಟ್ಟೆಯೊಂದರಲ್ಲಿ ಹೊಲಿಗೆಯಿರುವ ಸ್ಥಳವೇ ಮೊದಲು ಬಿಚ್ಚಿಕೊಳ್ಳುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದುದಿಲ್ಲ.

ಇನ್ನು ಕಾನೂನಿನ ಮಾತು. ೨೦೦೨ರಲ್ಲಿ ನಮ್ಮ ಸಂವಿಧಾನಕ್ಕೆ ತಿದ್ದುಪಡಿಯಾಗಿ, ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ವಿದ್ಯಾಭ್ಯಾಸವು ಮೂಲಭೂತ ಹಕ್ಕೆಂದು ಘೋಷಿತವಾಯಿತು. ಅದಕ್ಕೆ ತಕ್ಕ ಶಾಸನವು ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಈ ಶಾಸನದ ಹಿಡಿತವು ಎಂಟನೆಯ ತರಗತಿಯವರೆಗೆ. ಆರು ತುಂಬಿ ಒಂದನೆಯ ತರಗತಿಗೆ ಸೇರಿದ ಮಗುವು ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ಹದಿನಾಲ್ಕನ್ನು ಮುಟ್ಟಿರುವುದು. ಅಲ್ಲಿಗೆ ಕಾನೂನಿನ ಒಂದು ಕೈ ಬಿಟ್ಟಿತು. ಇನ್ನೊಂದು ಕೈಯೂ ಅಲ್ಲಿಯೇ ಬಿಡುವುದು ವಿಶೇಷ. ಬಾಲಕಾರ್ಮಿಕರ ವಿಷಯವಾದ ೧೯೮೬ರ ಶಾಸನವನ್ನು ೨೦೧೬ರಲ್ಲಿ ಬಿಗಿಗೊಳಿಸಿ, ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಕೂಡದೆಂದು ವಿಧಿಸಿದರು. ಅದರಲ್ಲಿಯೂ ಶಾಲೆಯ ವೇಳೆಯಾದ ಮೇಲೆ ಮನೆಯವರ ಸ್ವಂತ ಕಸುಬಿನಲ್ಲಿ ನೆರವಾಗಬಹುದೆಂಬ ವಿನಾಯಿತಿಯೊಂದನ್ನಿಟ್ಟರು. ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅಪಾಯಕರವಾದ ಉದ್ಯೋಗಗಳು ಮಾತ್ರ ನಿಷಿದ್ಧ, ಮಿಕ್ಕವು ನಿಷಿದ್ಧವಲ್ಲ. ಹೀಗೆ, ಶಾಲೆಗೆ ಕಳುಹಿಸಲೇಬೇಕೆಂಬ ಕಟ್ಟೂ ಕೆಲಸಕ್ಕೆ ಕಳುಹಿಸಕೂಡದೆಂಬ ಕಟ್ಟೂ ಒಂದೇ ವಯಸ್ಸಿನಲ್ಲಿ ಸಡಿಲುವುವು. ಆ ವಯಸ್ಸು ಹೈಸ್ಕೂಲಿನ ನಡುಮಧ್ಯದಲ್ಲಿ ಬಂದು ಬೀಳುವುದು. ಆಮೇಲೆ ಮಗುವನ್ನು ಶಾಲೆಯಲ್ಲಿ ಹಿಡಿದಿಡುವುದು ಮನೆಯವರ ಮನಸ್ಸೊಂದೇ. ನಾವು ಈ ಲೇಖನವನ್ನು ಬರೆಯಹೊರಟದ್ದು ಇದರ ಸಲುವಾಗಿಯೇ.

ಇಂಥ ಸಂಧಿಯನ್ನು ಬೇರೆ ದೇಶದವರು ಹೇಗೆ ದಾಟಿದರೆಂಬುದನ್ನು ನೋಡಿದರೆ ನಮಗೆ ಸ್ವಲ್ಪ ಬೆಳಕು ಸಿಕ್ಕೀತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವ ರೂಢಿಯುಂಟಷ್ಟೆ. ಹತ್ತಿಯ ಗಿರಣಿಗಳ ದೆಸೆಯಿಂದ ಬಂದ ಹೆಸರದು. ನಿಜವಾದ ಮ್ಯಾಂಚೆಸ್ಟರಿನಲ್ಲಿ ಶಾಲೆಗೂ ಗಿರಣಿಗೂ ಇದ್ದ ನಂಟು ಇನ್ನೂ ಹಳೆಯದು, ಇನ್ನೂ ವಿಚಿತ್ರವಾದುದು. ಅಲ್ಲಿನ ಗ್ರಾಮರ್ ಸ್ಕೂಲನ್ನು ೧೫೧೫ರಲ್ಲಿ, ಎಂದರೆ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ ಕಾಲದಲ್ಲಿ, ಹ್ಯೂ ಓಲ್ಡಮ್ ಎಂಬ ಬಿಷಪ್ಪರು ಸ್ಥಾಪಿಸಿದರು. ಶಾಲೆಯ ಖರ್ಚಿಗೆ ಅವರು ಒದಗಿಸಿದ ಆದಾಯವಾವುದೆಂದರೆ, ಇರ್ಕ್ ಎಂಬ ಹೊಳೆಯ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳದು. ಊರಿನವರು ತಮ್ಮ ಧಾನ್ಯವನ್ನು ಆ ಗಿರಣಿಗಳಲ್ಲಿಯೇ ಬೀಸಿಸಬೇಕಾಗಿದ್ದಿತು. ಬೀಸಿದ ಕೂಲಿಯಿಂದ ಹುಡುಗರು ಓದಿದರು. ಗಿರಣಿಯೆಂಬ ಒಂದೇ ಮಾತಿನಿಂದ ಹಿಟ್ಟಿನದನ್ನೂ ನೂಲಿನದನ್ನೂ ಕರೆಯುವ ನಮ್ಮ ಕನ್ನಡಕ್ಕೆ ಈ ಕಥೆ ಚೆನ್ನಾಗಿ ಹೊಂದುವುದು; ಏಕೆಂದರೆ ಮೊದಲು ಶಾಲೆಯನ್ನು ಸಾಕಿದ್ದು ಹಿಟ್ಟಿನ ಗಿರಣಿಯಾದರೆ, ಮೂರು ಶತಮಾನಗಳ ಬಳಿಕ ಶಾಲೆಯಿಂದ ಮಕ್ಕಳನ್ನು ಎಳೆದುಕೊಂಡದ್ದು ನೂಲಿನ ಗಿರಣಿ.

ಆ ಸೀಮೆಯ ಹತ್ತಿಯ ಗಿರಣಿಗಳಲ್ಲಿ ಸಣ್ಣ ಮಕ್ಕಳು ದುಡಿಯುತ್ತಿದ್ದುದು ಜಗತ್ತಿಗೆಲ್ಲ ತಿಳಿದ ಸಂಗತಿ. ೧೮೪೪ರ ಕಾರ್ಖಾನೆ ಶಾಸನವು ಎಂಟರಿಂದ ಹದಿಮೂರರವರೆಗಿನ ಮಕ್ಕಳಿಗೆ ಅರ್ಧ ದಿನದ ಕೆಲಸ, ಅರ್ಧ ದಿನದ ಶಾಲೆ ಎಂದು ಕಟ್ಟುಮಾಡಿತು. ಒಂದು ವಾರ ಬೆಳಗ್ಗೆ ಗಿರಣಿ, ಮಧ್ಯಾಹ್ನ ಶಾಲೆ, ಮರುವಾರ ತಿರುವುಮುರುವು. ಕೇಳುವುದಕ್ಕೆ ನ್ಯಾಯವಾಗಿಯೇ ಇರುವುದು. ಆದರೆ ನಸುಕಿನಲ್ಲೆದ್ದು ಆರು ಗಂಟೆಗೆ ಯಂತ್ರದ ಮುಂದೆ ನಿಂತ ಮಗು ಮಧ್ಯಾಹ್ನ ಶಾಲೆಯ ಮಣೆಯ ಮೇಲೆ ತಲೆಯಿಟ್ಟು ನಿದ್ದೆಹೋಗುವುದಲ್ಲದೆ ಮತ್ತೇನು ಮಾಡೀತು? ಈ ಅರೆದಿನದ ಪದ್ಧತಿಯು, ವಯಸ್ಸಿನ ಮಿತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೂ, ಮುಕ್ಕಾಲು ಶತಮಾನ ಉಳಿದುಕೊಂಡಿತು. ಅದನ್ನು ಉಳಿಸಿದವರು ಗಿರಣಿಯ ಯಜಮಾನರು ಮಾತ್ರವೆಂದು ವಾಚಕರು ತಿಳಿಯಬಾರದು. ೧೯೦೯ರಲ್ಲಿ ಹತ್ತಿ ಗಿರಣಿಯ ಕೆಲಸಗಾರರ ಸಂಘಗಳು ಈ ವಯಸ್ಸನ್ನು ಹನ್ನೆರಡರಿಂದ ಹದಿಮೂರಕ್ಕೆ ಏರಿಸಬಹುದೇ ಎಂದು ತಮ್ಮ ಸದಸ್ಯರ ಮತವನ್ನು ಕೇಳಿದಾಗ, ಬಹುಮಂದಿ ಬೇಡವೆಂದರು. ಅವರು ಕ್ರೂರಿಗಳಾಗಿದ್ದರೆಂದಲ್ಲ. ಮಗು ತರುತ್ತಿದ್ದ ವಾರದ ನಾಲ್ಕು ಕಾಸು ಮನೆಯ ಲೆಕ್ಕದಲ್ಲಿ ಸೇರಿಹೋಗಿದ್ದಿತು. ತಾವೂ ಹಾಗೆಯೇ ಬೆಳೆದವರೆಂಬ ಸಮಾಧಾನವೂ ಇದ್ದಿತು. “ನಾವು ಓದದೆ ಬದುಕಲಿಲ್ಲವೆ?” ಎಂಬ ಮಾತನ್ನು ಇಂದಿಗೂ ನಮ್ಮ ಜಗಲಿಗಳಲ್ಲಿ ಕೇಳುವೆವಲ್ಲ, ಆ ಮಾತು ಯಾವ ಒಂದು ದೇಶದ ಸೊತ್ತೂ ಅಲ್ಲ.

ಕೊನೆಗೆ ಮೊದಲನೆಯ ಮಹಾಯುದ್ಧವು ಮುಗಿಯುತ್ತಿದ್ದಾಗ, ೧೯೧೮ರ ವಿದ್ಯಾಭ್ಯಾಸ ಶಾಸನವು ಈ ಅರೆದಿನದ ಪದ್ಧತಿಯನ್ನು ತೆಗೆದುಹಾಕಿ, ಹದಿನಾಲ್ಕು ತುಂಬುವ ಪರ್ಯಂತ ಪೂರ್ಣ ಶಾಲೆಯೆಂದು ವಿಧಿಸಿತು. ಅದು ಕಾರ್ಯರೂಪಕ್ಕೆ ಬಂದದ್ದು ೧೯೨೧ರಲ್ಲಿ. ಎರಡನೆಯ ಮಹಾಯುದ್ಧವು ನಡೆಯುತ್ತಿರುವಾಗಲೇ ೧೯೪೪ರಲ್ಲಿ ಇನ್ನೊಂದು ಶಾಸನ ಬಂದು, ಸರ್ಕಾರದ ಹಣದಿಂದ ನಡೆಯುವ ಪ್ರೌಢಶಾಲೆಗಳಲ್ಲಿ ಫೀಜು ಇಲ್ಲದಂತಾಯಿತು. ಶಾಲೆ ಬಿಡುವ ವಯಸ್ಸು ೧೯೪೭ರಲ್ಲಿ ಹದಿನೈದಕ್ಕೂ ೧೯೭೨ರಲ್ಲಿ ಹದಿನಾರಕ್ಕೂ ಏರಿತು. ೨೦೧೫ರಿಂದ ಇಂಗ್ಲೆಂಡಿನಲ್ಲಿ ಹದಿನೆಂಟು ತುಂಬುವವರೆಗೆ ಓದಿನಲ್ಲಾಗಲಿ ಕಸುಬಿನ ಶಿಕ್ಷಣದಲ್ಲಾಗಲಿ ಇರಲೇಬೇಕು. ಅಂದರೆ, ನಾವು ಇಂದು ನಿಂತಿರುವ ಹದಿನಾಲ್ಕರ ಮೆಟ್ಟಿಲಿನಲ್ಲಿ ಅವರು ನೂರು ವರ್ಷಗಳ ಹಿಂದೆ ನಿಂತಿದ್ದರು.

ಅವರದೆಲ್ಲ ಹೂವಿನ ಹಾದಿಯೆಂದು ಹೇಳಲು ನಾವು ಸಿದ್ಧರಿಲ್ಲ. ೧೯೪೪ರ ತರುವಾಯ ಹನ್ನೊಂದು ವರ್ಷದ ಮಗುವಿಗೆ ಒಂದು ಪರೀಕ್ಷೆಯನ್ನಿಟ್ಟು, ಗೆದ್ದವರನ್ನು ಗ್ರಾಮರ್ ಸ್ಕೂಲಿಗೂ ಉಳಿದವರನ್ನು ಸಾಮಾನ್ಯ ಶಾಲೆಗೂ ಕಳುಹಿಸುವ ಕ್ರಮ ಬಂದಿತು. ಒಂದು ಬೆಳಗಿನ ಪರೀಕ್ಷೆಯು ಒಂದು ಜೀವನವನ್ನೇ ನಿರ್ಣಯಿಸುವುದೆಂದು ತಾಯಂದಿರು ಮರುಗಿದರು. ೧೯೬೫ರಿಂದ ಈ ವಿಂಗಡಣೆಯನ್ನು ಬಹಳ ಕಡೆ ಬಿಟ್ಟು, ಊರಿನ ಎಲ್ಲ ಮಕ್ಕಳಿಗೂ ಒಂದೇ ಶಾಲೆಯೆಂಬ ಪದ್ಧತಿಯನ್ನು ತಂದರು. ಆ ಹಳೆಯ ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲಾದರೋ, ಸರ್ಕಾರದ ನೆರವು ನಿಂತ ಮೇಲೆ ೧೯೭೬ರಿಂದ ಸ್ವತಂತ್ರ ಖಾಸಗಿ ಶಾಲೆಯಾಯಿತು. ಧರ್ಮಾರ್ಥವಾಗಿ ಹುಟ್ಟಿದ ಶಾಲೆಯಲ್ಲಿ ಈಗ ಬಹುಮಂದಿ ಫೀಜು ತೆತ್ತು ಓದುವರು. ಬಡಮಕ್ಕಳಿಗಾಗಿ ನೆರವಿನ ನಿಧಿಯನ್ನೂ ಇಟ್ಟುಕೊಂಡಿರುವರೆನ್ನಿ.

ಈಗ ನಮ್ಮ ಊರಿಗೆ ಮರಳೋಣ. ದಾವಣಗೆರೆಯ ಗಿರಣಿಗಳ ಕೊಳವೆಯು ಹೊಗೆಯುಗುಳುತ್ತಿದ್ದ ಕಾಲದಲ್ಲಿಯೂ, ಪಕ್ಕದ ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತು ಯಂತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿಯೂ, ಎಸ್.ಎಸ್.ಎಲ್.ಸಿ. ಪಾಸಾಗಿ ಒಂದೆರಡು ವರ್ಷ ಕಸುಬು ಕಲಿತ ಹುಡುಗನಿಗೆ ತಿಂಗಳ ಸಂಬಳದ ಆಸೆಯೊಂದಿದ್ದಿತು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಹರಿಹರದ ಆ ಕಾರ್ಖಾನೆಯೂ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತಿತು. ಹೀಗಿರುವಾಗ “ಓದಿ ಏನು ಮಾಡುವನು?” ಎಂದು ಕೇಳುವ ತಂದೆಯ ಮಾತಿನಲ್ಲಿ ಕಹಿಯಿದೆಯೇ ಹೊರತು ಮೂರ್ಖತನವಿಲ್ಲ. ಆತನ ಕಣ್ಣಮುಂದೆ ದೊಡ್ಡ ಗಿರಣಿಗಳ ಬದಲು ಈಗ ಇರುವುದು ಚಿಕ್ಕ ಕೆಲಸಗಳು: ಗ್ಯಾರೇಜು, ಜವಳಿ ಅಂಗಡಿ, ಹೋಟೆಲು, ಮಂಡಕ್ಕಿ ಭಟ್ಟಿ. ನಮ್ಮೂರಿನ ಮಂಡಕ್ಕಿಯ ರುಚಿಯನ್ನು ನಾಡೆಲ್ಲ ಬಲ್ಲುದು. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸದ ಬಿಸಿಯನ್ನು ಮತ್ತು ಹೊಗೆಯನ್ನು ಬಲ್ಲವರು ಕಡಿಮೆ. ಅಲ್ಲಿ ಮನೆಮಂದಿಯೆಲ್ಲ ದುಡಿಯುವ ಸಂಸಾರಗಳಲ್ಲಿ ಬಾಲಕರೂ ಕೈಹಾಕುವುದುಂಟೆಂಬುದು ಊರಿಗೆ ತಿಳಿಯದ ವಿಷಯವಲ್ಲ. ಚನ್ನಗಿರಿಯ ಕಡೆಗೆ ಹೋದರೆ ಅಡಿಕೆಯ ಸುಗ್ಗಿ. ಕೊನೆ ಇಳಿದ ದಿನಗಳಲ್ಲಿ ರಾತ್ರಿಯೂ ದೀಪ ಹಚ್ಚಿಕೊಂಡು ಸುಲಿಯುವರು. ಮರುದಿನದ ಹಾಜರಿಯಲ್ಲಿ ಕೆಲವು ಹೆಸರುಗಳಿಗೆ ಉತ್ತರವಿರುವುದಿಲ್ಲ. ಒಂದು ವಾರ ತಪ್ಪಿದ ಮಗು ಗಣಿತದಲ್ಲಿ ಹಿಂದೆಬೀಳುವುದು. ಹಿಂದೆಬಿದ್ದ ಮಗು ನಾಚುವುದು. ನಾಚಿದ ಮಗು ಇನ್ನೊಂದು ವಾರ ತಪ್ಪಿಸುವುದು. ಶಾಲೆ ಬಿಡುವುದೆಂಬುದು ಒಂದು ದಿನ ನಡೆಯುವ ಘಟನೆಯಲ್ಲ. ಅದು ಹೀಗೆ ಸ್ವಲ್ಪಸ್ವಲ್ಪವಾಗಿಯೇ ಆಗುವುದು.

ಹೈಸ್ಕೂಲೆಂಬುದು ನಮ್ಮ ನಾಡಿನಲ್ಲಿ ಮೊದಲಿನಿಂದಲೂ ದೂರದ ವಸ್ತುವೇ ಆಗಿದ್ದಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆಯಿಸಿದರು. ಬೆಂಗಳೂರಿನ ಹೈಸ್ಕೂಲು ೧೮೫೮ರಲ್ಲಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಆ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಬಿ. ಎಲ್. ರೈಸರೇ ತರುವಾಯ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ಹೋಬಳಿಗೊಂದು ಕನ್ನಡ ಶಾಲೆಯಿರಬೇಕೆಂಬ ಯೋಜನೆಯನ್ನು ೧೮೬೮ರಲ್ಲಿ ಮುಂದಿಟ್ಟವರು. ಶಾಸನಗಳನ್ನು ಸಂಗ್ರಹಿಸಿದ ಮಹನೀಯರೆಂದು ಅವರನ್ನು ನಾವೆಲ್ಲ ಬಲ್ಲೆವು. ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳೂ ಅವರ ಸಂಪುಟಗಳಲ್ಲಿ ಸೇರಿವೆ. ಅವರ ಹೋಬಳಿ ಶಾಲೆಯಿಂದ ಹಳ್ಳಿಗೆ ಅಕ್ಷರ ಬಂದಿತು. ಹೈಸ್ಕೂಲು ಮಾತ್ರ ಬಹುಕಾಲ ಪಟ್ಟಣದಲ್ಲಿಯೇ ನಿಂತಿತು. ಹಳ್ಳಿಯ ಹುಡುಗನು ಬಂಧುಗಳ ಮನೆಯ ಜಗಲಿಯಲ್ಲೋ ಹಾಸ್ಟೆಲಿನಲ್ಲೋ ಇದ್ದುಕೊಂಡು, ವಾರಾನ್ನವನ್ನು ಹಚ್ಚಿಕೊಂಡು ಓದಬೇಕಾಗಿದ್ದಿತು. ಹುಡುಗಿಗೆ ಆ ದಾರಿಯೂ ಇರಲಿಲ್ಲ.

ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿಯೇ ಆಡಬೇಕು. ಮ್ಯಾಂಚೆಸ್ಟರಿನಲ್ಲಿ ಹುಡುಗರ ಶಾಲೆ ೧೫೧೫ರಲ್ಲಿ ಬಂದಿತೆಂದೆವಷ್ಟೆ; ಹುಡುಗಿಯರ ಹೈಸ್ಕೂಲು ಬಂದದ್ದು ೧೮೭೪ರಲ್ಲಿ. ನಡುವೆ ಕಳೆದುವು ೩೫೯ ವರ್ಷಗಳು! ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಪ್ಯಾಂಕ್‌ಹರ್ಸ್ಟ್ ಸೋದರಿಯರು ಓದಿದ್ದು ಆ ಶಾಲೆಯಲ್ಲಿಯೇ. ನಮ್ಮ ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಯು ಅದಾದ ಏಳೇ ವರ್ಷಕ್ಕೆ, ೧೮೮೧ರಲ್ಲಿ ಸ್ಥಾಪಿತವಾಯಿತು. ಆರಂಭದಲ್ಲಿ ನಾವು ಅಷ್ಟೇನೂ ಹಿಂದುಳಿದವರಲ್ಲ. ಆಮೇಲೆ ಹಿಂದೆಬಿದ್ದದ್ದು ಶಾಲೆಯ ಕಟ್ಟಡದಿಂದಲ್ಲ, ಮನೆಗೂ ಶಾಲೆಗೂ ನಡುವಣ ದಾರಿಯಿಂದ. ಹೆಣ್ಣುಮಗು ದೊಡ್ಡವಳಾಗುವ ವಯಸ್ಸೂ ಹೈಸ್ಕೂಲಿಗೆ ಹೋಗುವ ವಯಸ್ಸೂ ಒಂದೇ. ತಾಯಿಯು ಅಂಜುವುದು ಪಾಠಕ್ಕಲ್ಲ; ಸಂಜೆಯ ವಿಶೇಷ ತರಗತಿ ಮುಗಿದು ಹೊತ್ತು ಮುಳುಗಿದ ಮೇಲೆ ಬರುವ ಬಸ್ಸಿಗೆ, ಹೊಲದ ನಡುವಿನ ಒಂಟಿ ದಾರಿಗೆ, ನೀರಿಲ್ಲದ ಶೌಚಗೃಹಕ್ಕೆ. ಇವನ್ನು ಸಣ್ಣ ವಿಷಯಗಳೆಂದು ಗಂಡಸರು ತಳ್ಳಿಹಾಕುವರು. ಸಣ್ಣ ವಿಷಯಗಳೇ ಮಗಳನ್ನು ಮನೆಯಲ್ಲಿ ಕೂರಿಸುವುವು.

ಸರ್ಕಾರವು ಇದನ್ನರಿತು ಕೆಲವು ಏರ್ಪಾಡುಗಳನ್ನು ಮಾಡಿದುದುಂಟು. ೨೦೦೬-೦೭ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡುವ ಯೋಜನೆಯು ಆರಂಭವಾಯಿತು. ಸಾಲಾಗಿ ಸೈಕಲ್ಲಿನಲ್ಲಿ ಹೋಗುವ ಹುಡುಗಿಯರು ಹಳ್ಳಿಯ ರಸ್ತೆಗಳಿಗೆ ಒಂದು ಹೊಸ ಕಳೆಯನ್ನೇ ತಂದರು. ಕೋವಿಡ್ ರೋಗದ ವರ್ಷಗಳಿಂದೀಚೆಗೆ ಆ ಸೈಕಲ್ಲು ಬರುವುದು ನಿಂತದ್ದು ನಮ್ಮ ಅಭಿಪ್ರಾಯದಲ್ಲಿ ದೊಡ್ಡ ನಷ್ಟ. ೨೦೨೩ರ ಜೂನ್ ೧೧ರಿಂದ ಹೆಂಗಸರಿಗೂ ಹುಡುಗಿಯರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲದಂತಾಯಿತು. ಬಸ್ಸೇ ಬಾರದ ಊರಿಗೆ ಇದರಿಂದ ಪ್ರಯೋಜನವಿಲ್ಲವಾದರೂ, ಬರುವ ಊರಿನಲ್ಲಿ “ದಿನಕ್ಕಿಷ್ಟು ಬಸ್‌ಚಾರ್ಜು ಎಲ್ಲಿಂದ ತರುವುದು?” ಎಂಬ ಮಾತಿಗೆ ಎಡೆಯಿಲ್ಲ. ಮಧ್ಯಾಹ್ನದ ಬಿಸಿಯೂಟವು ೨೦೦೭ರಿಂದ ಹತ್ತನೆಯ ತರಗತಿಯವರೆಗೂ ಉಂಟು. ಅನ್ನದ ಋಣವು ಎಷ್ಟು ಮಕ್ಕಳನ್ನು ಶಾಲೆಯಲ್ಲಿ ಉಳಿಸಿರುವುದೆಂಬುದನ್ನು ಅಡಿಗೆಯ ಹೆಂಗಸರು ಮುಖ್ಯೋಪಾಧ್ಯಾಯರಿಗಿಂತ ಚೆನ್ನಾಗಿ ಹೇಳಬಲ್ಲರು.

ಇಲ್ಲಿ ಇನ್ನೊಂದು ಮಾತನ್ನು, ಕೆಲವರಿಗೆ ಅಪ್ರಿಯವಾದೀತಾದರೂ, ಹೇಳಬೇಕು. ಮಗನನ್ನು ಫೀಜು ತೆತ್ತು ಇಂಗ್ಲಿಷ್ ಮಾಧ್ಯಮದ ಖಾಸಗಿ ಹೈಸ್ಕೂಲಿಗೂ ಮಗಳನ್ನು ಸರ್ಕಾರಿ ಕನ್ನಡ ಹೈಸ್ಕೂಲಿಗೂ ಸೇರಿಸುವ ಮನೆಗಳುಂಟು. ಸರ್ಕಾರಿ ಶಾಲೆ ಕೀಳೆಂದು ನಾವು ಎಣಿಸುವವರಲ್ಲ, ಬಿ.ಎಡ್. ಮಾಡಿ, ಆಯ್ಕೆಯ ಪರೀಕ್ಷೆಯನ್ನು ದಾಟಿ ಬಂದ ಉಪಾಧ್ಯಾಯರು ಅಲ್ಲಿರುವರು. ಆದರೆ ಮಗನಿಗೆ ಸಾಲ, ಮಗಳಿಗೆ ಉಳಿತಾಯ ಎಂಬ ಲೆಕ್ಕವನ್ನು ಮಕ್ಕಳು ಬೇಗ ಅರಿಯುವರು. ಇನ್ನು, ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ನೆರೆಯವರ ಮಾತು ಕೇಳಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಎಳೆದು ಹಾಕುವ ಮುನ್ನ, ಆ ಮಗುವನ್ನೇ ಕರೆದು ಒಂದು ಮಾತು ಕೇಳುವುದು ಒಳ್ಳೆಯದು. ಹೊಸ ಶಾಲೆ, ಹೊಸ ಉಪಾಧ್ಯಾಯರು, ಹೊಸ ಭಾಷೆ—ಮೂರು ಭಾರಗಳನ್ನು ಒಂದೇ ಜೂನಿನಲ್ಲಿ ಹೊರಿಸಿದರೆ ಕುಗ್ಗುವ ಮಕ್ಕಳೇ ಹೆಚ್ಚು.

ಎಸ್.ಎಸ್.ಎಲ್.ಸಿ. ಎಂಬ ನಾಲ್ಕಕ್ಷರಗಳಲ್ಲಿ “ಎಲ್” ಎಂಬುದಕ್ಕೆ ಬಿಡುವುದು ಎಂದರ್ಥ. ಪ್ರೌಢಶಾಲೆಯನ್ನು ಬಿಟ್ಟುಹೋಗುವಾಗ ಕೊಡುವ ಪತ್ರವದು. ಆದರೆ ಆ ಪತ್ರವು ಮನುಷ್ಯನನ್ನು ಕೊನೆಯವರೆಗೂ ಬಿಡುವುದಿಲ್ಲ. ಹುಟ್ಟಿದ ದಿನಕ್ಕೆ ಅದೇ ಸಾಕ್ಷಿ. ಹೆಸರಿನ ಅಕ್ಷರಗಳಿಗೆ ಅದೇ ಪ್ರಮಾಣ. ನೌಕರಿಗೆ, ಪಾಸ್‌ಪೋರ್ಟಿಗೆ, ನಿವೃತ್ತಿಯ ದಿನಕ್ಕೆ ಅದನ್ನೇ ತೆಗೆದು ನೋಡುವರು. ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಜೂನ್ ೧ರಂದೇ ಹುಟ್ಟಿರುವುದು ವಾಚಕರ ಗಮನಕ್ಕೆ ಬಂದಿರಬಹುದು. ಅದು ಗ್ರಹಗತಿಯ ಮಹಿಮೆಯಲ್ಲ, ಶಾಲೆಗೆ ಸೇರಿಸುವಾಗ ದಿನ ಗೊತ್ತಿಲ್ಲವೆಂದದ್ದಕ್ಕೆ ಮೇಷ್ಟ್ರು ಬರೆದುಕೊಂಡ ದಿನ. ಆದುದರಿಂದ ಹೈಸ್ಕೂಲಿಗೆ ಸೇರಿಸುವಾಗಲೇ ತಾಯಿತಂದೆಗಳು ಟಿ.ಸಿ.ಯಲ್ಲಿರುವ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜನ್ಮದಿನ ಇವುಗಳನ್ನು ಜನನ ಪತ್ರದೊಡನೆಯೂ ಆಧಾರ್ ಚೀಟಿಯೊಡನೆಯೂ ಅಕ್ಷರಕ್ಕಕ್ಷರ ಹೋಲಿಸಿ ನೋಡಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದೆಂದರೆ ಕಚೇರಿಯಿಂದ ಕಚೇರಿಗೆ ಅಲೆಯುವುದು. ಕೆಲವು ವೇಳೆ ನ್ಯಾಯಾಲಯದವರೆಗೂ.

ಪರೀಕ್ಷೆಯ ಅಂಜಿಕೆ ಈಗ ಮೊದಲಿನಷ್ಟಿರಬೇಕಾದುದಿಲ್ಲ. ಒಟ್ಟು ೬೨೫ ಅಂಕಗಳು. ಪ್ರಥಮ ಭಾಷೆಗೆ ೧೨೫, ಮಿಕ್ಕ ಐದು ವಿಷಯಗಳಿಗೆ ತಲಾ ೧೦೦. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುವ ಕ್ರಮವನ್ನು ತಂದಿರುವುದರಿಂದ, ಮೊದಲನೆಯದರಲ್ಲಿ ತಪ್ಪಿದವರು ಆ ವಿಷಯವನ್ನು ಮತ್ತೆ ಬರೆದು ಅದೇ ವರ್ಷ ಮುಂದಕ್ಕೆ ಹೋಗಬಹುದು. ಇದು ಹಿಂದಿನವರಿಗಿಲ್ಲದ ಭಾಗ್ಯ. ಹಿಂದೆ ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಂದ ಹುಡುಗಿಗೆ ಅಕ್ಟೋಬರಿನ ಪರೀಕ್ಷೆಯೊಳಗಾಗಿಯೇ ಮದುವೆ ಗೊತ್ತಾಗಿಬಿಡುತ್ತಿದ್ದುದನ್ನು ಬಲ್ಲವರಿಗೆ ಈ ಅವಕಾಶಗಳ ಬೆಲೆ ತಿಳಿದೀತು. ಫಲಿತಾಂಶ ಬಂದ ದಿನ ಮನೆಯ ಹಿರಿಯರು ಮಾಡಬೇಕಾದ ಕೆಲಸ ಒಂದೇ: ಮುಂದಿನ ಪರೀಕ್ಷೆಗೆ ಹೆಸರು ಕೊಡಲು ಕೊನೆಯ ದಿನ ಯಾವುದೆಂದು ಶಾಲೆಗೆ ಹೋಗಿ ಕೇಳಿಬರುವುದು. ಬೈಗುಳಕ್ಕೆ ಕೊನೆಯ ದಿನವಿಲ್ಲ. ಅದನ್ನು ಮುಂದಕ್ಕೆ ಹಾಕಬಹುದು.

ಹೊಸ್ತಿಲನ್ನೇ ತಗ್ಗಿಸುವ ಪ್ರಯತ್ನಗಳೂ ನಡೆದಿವೆ. ಕರ್ನಾಟಕ ಪಬ್ಲಿಕ್ ಸ್ಕೂಲೆಂಬ ಹೆಸರಿನಿಂದ ಪ್ರಾಥಮಿಕ, ಪ್ರೌಢ, ಪಿ.ಯು. ಮೂರನ್ನೂ ಒಂದೇ ಆಡಳಿತದಲ್ಲಿ ಸೇರಿಸಿದ ಶಾಲೆಗಳು ಅಲ್ಲಲ್ಲಿ ತೆರೆದಿವೆ. ಅಲ್ಲಿ ಏಳರಿಂದ ಎಂಟಕ್ಕೆ ಹೋಗಲು ಟಿ.ಸಿ.ಯ ತೊಡಕಿಲ್ಲ, ಹೊಸ ಊರಿನ ಭಯವಿಲ್ಲ. ೨೦೨೦ರ ರಾಷ್ಟ್ರೀಯ ನೀತಿಯು ಹದಿನೆಂಟನೆಯ ವಯಸ್ಸಿನವರೆಗೆ ಎಲ್ಲರಿಗೂ ವಿದ್ಯೆಯೆಂಬ ಗುರಿಯನ್ನು ಹೇಳಿದೆ. ನಮ್ಮ ರಾಜ್ಯವೇ ನೇಮಿಸಿದ, ಸುಖದೇವ್ ಥೋರಟರ ಅಧ್ಯಕ್ಷತೆಯ ಆಯೋಗವು ೨೦೨೫ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿಯಲ್ಲಿ, ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢವೆಂಬ ವಿಂಗಡಣೆಯನ್ನು ಸೂಚಿಸಿದೆ. ಎಂಟು ಒಂದೇ ಕಡೆ ಸೇರಿದರೆ ಕಾನೂನಿನ ಲೆಕ್ಕವೂ ಶಾಲೆಯ ಲೆಕ್ಕವೂ ಹೊಂದುವುವು. ಆದರೆ ಹೊಲಿಗೆ ಅಲ್ಲಿಂದ ಒಂದು ವರ್ಷ ಮುಂದಕ್ಕೆ ಸರಿಯುವುದೇ ಹೊರತು ಮಾಯವಾಗದು. ಹದಿನಾಲ್ಕ ದಾಟಿದ ಮಗುವಿಗೂ ಶಾಲೆಯು ಹಕ್ಕೆಂದು ಶಾಸನವೇ ಹೇಳಿದ ದಿನ ಅದು ಗಟ್ಟಿಯಾದೀತೆಂದು ನಮಗೆ ತೋರುವುದು.

ಈಗಾಗಲೇ ಶಾಲೆಯನ್ನು ಬಿಟ್ಟವರ ವಿಷಯ ಉಳಿಯಿತು. ನಡುವೆ ಬಿಟ್ಟ ಮಕ್ಕಳು, ಹದಿನೈದು ತುಂಬಿದ್ದರೆ, ಖಾಸಗಿ ಅಭ್ಯರ್ಥಿಗಳಾಗಿ ಹೆಸರು ನೋಂದಾಯಿಸಿ ನೇರವಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದವರು ಮನೆಯಲ್ಲಿಯೇ ಓದಿಕೊಂಡು, ವಿಷಯಗಳನ್ನು ಒಂದೊಂದಾಗಿಯೂ ಮುಗಿಸಬಹುದು. ಇವೆರಡಕ್ಕೂ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಏಳನೆಯ ತರಗತಿಗೆ ಓದು ನಿಲ್ಲಿಸಿ, ಈಗ ಮಗಳ ಹೈಸ್ಕೂಲಿನ ಪುಸ್ತಕಗಳಿಗೆ ಕಾಗದದ ರಟ್ಟು ಹಾಕುತ್ತಿರುವ ತಾಯಂದಿರು ನಮ್ಮ ವಾಚಕಿಯರಲ್ಲಿ ಇದ್ದೇ ಇರುವರು. ಅವರು ಮಗಳ ಶಾಲೆಗೆ ಹೋದಾಗ ತಮ್ಮ ಸಲುವಾಗಿಯೂ ಅಲ್ಲಿನ ಗುಮಾಸ್ತರನ್ನು ವಿಚಾರಿಸಲಿ. ತಾವು ಓದಿದ ಪ್ರಾಥಮಿಕ ಶಾಲೆಯ ದಾಖಲೆಯ ಪ್ರತಿ, ಭಾವಚಿತ್ರ, ಆಧಾರ್ ಚೀಟಿ ಇವನ್ನು ಮೊದಲೇ ಹೊಂದಿಸಿಟ್ಟುಕೊಂಡರೆ ಎರಡನೆಯ ಸಲ ಹೋಗುವ ಶ್ರಮ ತಪ್ಪುವುದು.